ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ: ‘ಮರಳಿಸಬಹುದೇ’ ಎಂಬ ಒರೆಗಲ್ಲು ಸಾಕೇ?

ಪ್ರಶ್ನೆ:
ಏಳನೆಯ ತರಗತಿಗೆ ದ್ರವ್ಯದ ಗುಣಗಳು ಮತ್ತು ಬದಲಾವಣೆಗಳ ಪಾಠ ಮಾಡುತ್ತಿದ್ದೇನೆ. ಮೊದಲಿನ ಸ್ಥಿತಿಗೆ ಮರಳಿಸಬಹುದಾದದ್ದು ಭೌತಿಕ ಬದಲಾವಣೆ, ಮರಳಿಸಲಾಗದ್ದು ರಾಸಾಯನಿಕ ಬದಲಾವಣೆ ಎಂದರೆ ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ. ಆದರೆ ಹರಿದ ಕಾಗದ ಮತ್ತೆ ಕೂಡುವುದಿಲ್ಲವಲ್ಲ, ಹಾಗಾದರೆ ಹರಿಯುವುದೂ ರಾಸಾಯನಿಕ ಬದಲಾವಣೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ಆ ಸೂತ್ರವೇ ಅಲುಗಾಡಿತು. ಈ ವಯಸ್ಸಿನವರಿಗೆ ನಿಲುಕುವ, ಮುಂದಿನ ತರಗತಿಗಳಲ್ಲಿ ಅಳಿಸಿ ಬರೆಯಬೇಕಾಗದ ವಿವರಣೆ ಯಾವುದು?

ಪ್ರತಿಕ್ರಿಯೆ 1:
ಆ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು. ಹೊಸ ವಸ್ತು ಉಂಟಾಯಿತೇ ಎಂಬುದೊಂದನ್ನೇ ಕೇಳಿಸಿ. ಕಾಗದವನ್ನು ಎಷ್ಟು ಚೂರು ಮಾಡಿದರೂ ಪ್ರತಿ ಚೂರೂ ಕಾಗದವೇ; ಸುಟ್ಟ ಮೇಲೆ ಉಳಿಯುವ ಬೂದಿ ಕಾಗದವಲ್ಲ. ಇನ್ನೊಂದು ಬದಿಗೆ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ತೋರಿಸಿ. ಅದರ ನೀಲಿ ಹರಳುಗಳನ್ನು ಪ್ರನಾಳದಲ್ಲಿ ಹದವಾಗಿ ಕಾಯಿಸಿದಾಗ ಅವುಗಳೊಳಗೆ ಸೇರಿಕೊಂಡಿದ್ದ ನೀರು ಹೊರಟುಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಅದು ಆರಿದ ಬಳಿಕ ಕೆಲವು ಹನಿ ನೀರು ಹಾಕಿದರೆ ನೀಲಿ ಬಣ್ಣ ಮರಳುತ್ತದೆ, ಜೊತೆಗೆ ಪ್ರನಾಳವೂ ಬಿಸಿಯಾಗುತ್ತದೆ. ಬದಲಾವಣೆ ರಾಸಾಯನಿಕವಾದದ್ದು, ಆದರೂ ಮರಳಿತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 18ನೆಯ ಶತಮಾನದಲ್ಲಿ ಪಾದರಸವನ್ನು ಗಾಳಿಯಲ್ಲಿ ಕಾಯಿಸಿ ಕೆಂಪು ಆಕ್ಸೈಡನ್ನು ಪಡೆದು, ಅದನ್ನು ಇನ್ನೂ ಹೆಚ್ಚು ಕಾಯಿಸಿ ಪಾದರಸವನ್ನು ಹಿಂದಕ್ಕೆ ಪಡೆದದ್ದನ್ನೂ ಹೇಳಬಹುದು (ಬಾಯಿಮಾತಿನಲ್ಲಿ ಸಾಕು, ಪಾದರಸ ತರಗತಿಗೆ ಬರುವುದು ಬೇಡ).

ಪ್ರತಿಕ್ರಿಯೆ 2:
ಮೇಲಿನ ಮಾತನ್ನು ಒಪ್ಪುತ್ತೇನೆ; ಆದರೆ ಹೊಸ ವಸ್ತು ಉಂಟಾಯಿತೇ ಎಂಬುದನ್ನು ಮಕ್ಕಳು ಬರಿಗಣ್ಣಿನಿಂದಲೇ ತೀರ್ಮಾನಿಸಿಬಿಡುತ್ತಾರೆ. ಕುದಿಯುವ ನೀರಿನ ಗುಳ್ಳೆಗಳಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಇವೆ ಎಂದು ಬರೆಯುವವರು ಪ್ರೌಢಶಾಲೆಯಲ್ಲೂ ಸಿಗುತ್ತಾರೆ. ಅಲ್ಲಿರುವುದು ನೀರಿನ ಆವಿಯೇ. ಅಣುಗಳು ಪರಸ್ಪರ ದೂರ ಸರಿದಿವೆಯೇ ಹೊರತು ಒಡೆದಿಲ್ಲ. ಬದಲಾವಣೆಯ ಮೊದಲಿನ ಮತ್ತು ನಂತರದ ಕಣಗಳ ಚಿತ್ರವನ್ನು ಅವರಿಂದಲೇ ಬರೆಯಿಸಿದರೆ ಇಂಥ ಕಲ್ಪನೆಗಳು ಹೊರಬರುತ್ತವೆ. ಉಪ್ಪು ನೀರಿನಲ್ಲಿ ಕರಗುವುದನ್ನು ಮಾತ್ರ ಪರೀಕ್ಷೆಗೆ ಕೊಡಬೇಡಿ. ಹರಳಿನ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಬೇರ್ಪಟ್ಟು ನೀರಿನ ಅಣುಗಳಿಂದ ಸುತ್ತುವರಿಯಲ್ಪಡುವುದರಿಂದ, ಅದು ಯಾವ ಗುಂಪಿಗೆ ಸೇರಬೇಕೆಂಬುದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಲ್ಲೇ ಒಮ್ಮತವಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಾಶಿ ಸಂರಕ್ಷಣೆಯನ್ನು, ಎಂದರೆ ಬದಲಾವಣೆಯಲ್ಲಿ ಒಟ್ಟು ರಾಶಿ ಹೆಚ್ಚುಕಡಿಮೆಯಾಗುವುದಿಲ್ಲ ಎಂಬುದನ್ನು ತೋರಿಸಲು ಅಡುಗೆ ಸೋಡ ಮತ್ತು ವಿನೆಗರ್ ಇರುವ ಬಾಟಲಿಯ ಬಾಯಿಗೆ ಬಲೂನು ಕಟ್ಟಿದ್ದೆವು. ಎಲ್ಲಿಯೂ ಸೋರಿಕೆಯಿಲ್ಲದಿದ್ದರೂ ತೂಕ ತುಸು ಇಳಿಯಿತು. ಕಾರಣವೇನಿರಬಹುದು?

ಪ್ರತಿಕ್ರಿಯೆ 3:
ಉಬ್ಬಿದ ಬಲೂನು ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ, ಆ ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ಒಂದು ಲೀಟರ್ ಗಾಳಿಯ ರಾಶಿ ಸುಮಾರು 1.2 ಗ್ರಾಂ. 1 ಗ್ರಾಂ ಸೋಡ ಪೂರ್ತಿ ವರ್ತಿಸಿದರೆ ಸುಮಾರು 0.52 ಗ್ರಾಂ, ಎಂದರೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಷ್ಟು ಉಬ್ಬಿದ ಬಲೂನಿಗೆ ತಕ್ಕಡಿ ಸುಮಾರು 0.3 ಗ್ರಾಂ ಕಡಿಮೆ ತೋರಿಸುತ್ತದೆ. ಬಲೂನನ್ನು ಬಿಟ್ಟು, ತಂಪು ಪಾನೀಯದ ಒಂದು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಯನ್ನು ಬಳಸಿ. ಸೋಡ 1 ಗ್ರಾಂ ಮೀರದಿರಲಿ, ಮುಚ್ಚಳ ಬಿಗಿಯಾಗಿರಲಿ. ತೂಕ ಹಾಗೆಯೇ ನಿಂತದ್ದನ್ನು ತೋರಿಸಿದ ಮೇಲೆ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಮತ್ತೆ ತೂಗಿಸಿ.