ಮೂಕಿ ಸಿನಿಮಾದ ತಾರೆಯರಿಗೆ ಈಗಿನ ಹಾಡು: ಯಾರಿಗೆ ಯಾವುದು ಹೊಂದುತ್ತದೆ?

ಕೇಳಿದವರು, ಚಿಕ್ಕಮಗಳೂರು

ನಾವು ಒಂದಷ್ಟು ಗೆಳೆಯರು ಸೇರಿ ಊರಲ್ಲಿ ಒಂದು ಸಂಜೆ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಚಾಪ್ಲಿನ್, ಕೀಟನ್ ಕಾಲದ ಮೂಕಿ ಸಿನಿಮಾದ ತುಣುಕುಗಳಿಗೆ ಈಗಿನ ಹಾಡು ಹಾಕಿ ತೋರಿಸುವುದು. ಒಂದು ಗಂಟೆ ಅಷ್ಟೇ, ಟಿಕೆಟ್ ಇಲ್ಲ. ಕಾಲೇಜು ಹುಡುಗರೂ ಬರುತ್ತಾರೆ, ಅವರ ಅಜ್ಜ ಅಜ್ಜಿಯರೂ ಬರುತ್ತಾರೆ. ಮನೆಯಲ್ಲಿ ಕೆಲವು ಜೋಡಿ ಮಾಡಿ ನೋಡಿದೆವು. ಮೊದಲ ಅರ್ಧ ನಿಮಿಷ ಎಲ್ಲರೂ ನಗುತ್ತಾರೆ, ಆಮೇಲೆ ಸಪ್ಪೆ. ಯಾವ ತಾರೆಗೆ ಯಾವ ಹಾಡು ಹಾಕಬೇಕು, ಹೇಗೆ ಕೂಡಿಸಬೇಕು? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಾಸನದಿಂದ

ನಾವು ಕಾಲೇಜಿನಲ್ಲೂ ಮಾಡಿದ್ದೇವೆ, ಗಣಪತಿ ಪೆಂಡಾಲಿನಲ್ಲೂ ಮಾಡಿದ್ದೇವೆ. ನೀವು ಹಾಡಿನ ಮಾತು ನೋಡಿ ಆರಿಸಿದ್ದೀರಿ ಅಂತ ಕಾಣುತ್ತದೆ. ಪರದೆ ಮೇಲೆ ಮಳೆ, ಹಾಡಲ್ಲೂ ಮಳೆ. ಜೋಕ್ ಅರ್ಥ ಆಯಿತು, ಜನ ನಕ್ಕರು, ಮುಗಿಯಿತು. ಇನ್ನು ಮೂರು ನಿಮಿಷ ಅವರು ಏನು ನೋಡಬೇಕು?

ಮಾತು ಬಿಡಿ, ಕಾಲು ನೋಡಿ. ಮೂಕಿ ನಟರೆಲ್ಲ ಮೈಯಲ್ಲೇ ಮಾತಾಡಿದವರು. ಒಬ್ಬೊಬ್ಬರ ನಡಿಗೆಗೂ ಒಂದೊಂದು ತಾಳ ಇದೆ. ದೃಶ್ಯವನ್ನು ಸದ್ದಿಲ್ಲದೆ ಹಾಕಿಕೊಂಡು ಅವರ ಹೆಜ್ಜೆಗೆ ಮೇಜಿನ ಮೇಲೆ ಬೆರಳು ಬಡಿಯಿರಿ. 15 ಸೆಕೆಂಡಿಗೆ ಎಷ್ಟು ಬಡಿತ ಬಂತೋ ಅದನ್ನು 4ರಿಂದ ಗುಣಿಸಿ. ಅದೇ ವೇಗದ ಹಾಡು ಹುಡುಕಿ, ಇಲ್ಲವೇ ಅದರ ಅರ್ಧ ವೇಗದ್ದು. ಕೆಲಸದ ಮುಕ್ಕಾಲು ಪಾಲು ಅಲ್ಲಿಗೆ ಮುಗಿಯಿತು.

ಒಂದು ಉದಾಹರಣೆ ಹೇಳುತ್ತೇನೆ. ಚಾಪ್ಲಿನ್‌ನ 'ದಿ ಗೋಲ್ಡ್ ರಶ್' (1925) ಚಿತ್ರದ ಬನ್ನಿನ ಕುಣಿತ ಗೊತ್ತಲ್ವಾ? ಎರಡು ಫೋರ್ಕಿಗೆ ಎರಡು ಬನ್ನು ಚುಚ್ಚಿ, ಅವನ್ನೇ ಕಾಲು ಮಾಡಿಕೊಂಡು ಮೇಜಿನ ಮೇಲೆ ಕುಣಿಸುತ್ತಾನೆ. ಅದಕ್ಕೆ ನಾವು 'ರ‍್ಯಾಂಬೋ 2' ಚಿತ್ರದ 'ಚುಟು ಚುಟು ಅಂತೈತಿ' ಹಾಕಿದೆವು. ಹಾಡು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಇಲ್ಲಿ ಮುಖ್ಯ. ಬನ್ನು ಮೇಜು ಮುಟ್ಟಿದಾಗ ಅಲ್ಲ. ಬನ್ನಿನ ಕಾಲು ಮೊದಲ ಸಲ ಪಕ್ಕಕ್ಕೆ ಒದೆಯುತ್ತದಲ್ಲ, ಆ ಒದೆತಕ್ಕೆ ಹಾಡಿನ ಮೊದಲ ಪೆಟ್ಟು ಬೀಳಬೇಕು. ಒಮ್ಮೆ ಹಾಗೆ ಸಿಕ್ಕಿತೋ, ಮುಂದೆ ಅಲ್ಲಲ್ಲಿ ತಾಳ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ನೋಡುವವರ ಕಣ್ಣೇ ಅದನ್ನು ಸರಿ ಮಾಡಿಕೊಳ್ಳುತ್ತದೆ. ಇನ್ನೊಂದು, ಕುಣಿತ ಮುಗಿಸಿ ಅವನು ವಂದಿಸುವ ಹೊತ್ತಿಗೆ ಹಾಡು ನಿಲ್ಲಿಸಿಬಿಡಿ. ಆ ಜಾಗದಲ್ಲಿ ನಿಮ್ಮ ಸಭೆಯವರೇ ಚಪ್ಪಾಳೆ ತಟ್ಟುತ್ತಾರೆ. 1925ರ ಪ್ರತಿಯನ್ನೇ ತೆಗೆದುಕೊಳ್ಳಿ. 1942ರಲ್ಲಿ ಚಾಪ್ಲಿನ್ ಇದನ್ನು ಮತ್ತೆ ಬಿಡುಗಡೆ ಮಾಡಿದಾಗ ತನ್ನದೇ ದನಿಯಲ್ಲಿ ನಿರೂಪಣೆ ಸೇರಿಸಿದ್ದಾನೆ, ದೃಶ್ಯಗಳನ್ನೂ ಕತ್ತರಿಸಿದ್ದಾನೆ.

ಬಸ್ಟರ್ ಕೀಟನ್‌ಗೆ ಲೆಕ್ಕ ಉಲ್ಟಾ. ಅವನ ಮುಖ ಅಲ್ಲಾಡುವುದೇ ಇಲ್ಲ. ತಮಾಷೆ ಹಾಡು ಹಾಕಿದರೆ ಆ ಮುಖ ಕೆಡುತ್ತದೆ. ಅವನಿಗೆ ಗಂಭೀರವಾದ, ಪ್ರೇಮದ ಮೆಲೊಡಿ ಬೇಕು. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928) ಚಿತ್ರದ ಬಿರುಗಾಳಿಯಲ್ಲಿ ಅವನು ಗಾಳಿಗೆ ಎದುರಾಗಿ ಮೈಯನ್ನು ಪೂರ್ತಿ ವಾಲಿಸಿ ನಡೆಯಲು ನೋಡುತ್ತಾನೆ, ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ 'ಅನಿಸುತಿದೆ ಯಾಕೋ ಇಂದು' ಹಾಕಿ ನೋಡಿ. ಸೋನು ನಿಗಮ್ ಅಷ್ಟು ಆರಾಮಾಗಿ ಹಾಡುತ್ತಿದ್ದಾರೆ, ಇವನು ಗಾಳಿಯಲ್ಲಿ ಒದ್ದಾಡುತ್ತಿದ್ದಾನೆ. ನಮ್ಮಲ್ಲಿ ಜಾಸ್ತಿ ನಗು ಬಂದದ್ದು ಇದಕ್ಕೇ. ಆದರೆ ಅದೇ ಬಿರುಗಾಳಿಯಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ, ತೆರೆದ ಕಿಟಕಿಯ ಜಾಗದಲ್ಲಿ ನಿಂತಿದ್ದರಿಂದ ಬದುಕಿಕೊಳ್ಳುತ್ತಾನೆ. ಅದು ನಿಜವಾದ ಗೋಡೆ, ನಿಜವಾಗಿ ಬಿದ್ದದ್ದು. ಅಲ್ಲಿ ಹಾಡು ಬೇಡ. ಗೋಡೆ ಬೀಳುವ ಮೊದಲೇ ಹಾಡು ಕತ್ತರಿಸಿ.

ಚಿಕ್ಕಮಗಳೂರಿನವರೇ ಇನ್ನೊಬ್ಬರು

ಮೇಲಿನವರು ಒಂದು ಮಾತು ಬಿಟ್ಟಿದ್ದಾರೆ. ನಮ್ಮ ಹಾಡುಗಳಿಗೆ ಮೊದಲೇ ಒಂದು ಮುಖ ಇದೆ. ಬೇರೆ ದೇಶದ ಪಾಪ್ ಹಾಡೆಂದರೆ ಹಾಡಿದವರದ್ದು. ಕನ್ನಡದಲ್ಲಿ ಹೆಚ್ಚಿನವು ಸಿನಿಮಾ ಹಾಡುಗಳೇ, ಹಾಡಿನ ಜೊತೆ ಹೀರೋ ಬಂದೇ ಬರುತ್ತಾನೆ. ಚಾಪ್ಲಿನ್‌ನ 'ದಿ ಕಿಡ್' (1921) ಚಿತ್ರದಲ್ಲಿ ಅಧಿಕಾರಿಗಳು ಮಗುವನ್ನು ಕಿತ್ತುಕೊಂಡು ಹೋಗುವ ದೃಶ್ಯಕ್ಕೆ ನಮ್ಮ ಹುಡುಗರು 'ಬೊಂಬೆ ಹೇಳುತೈತೆ' ಹಾಕಿದ್ದರು. ತಾಳ ಎಲ್ಲ ಸರಿಯಾಗೇ ಇತ್ತು. ಆದರೆ ಹಾಡು ಶುರುವಾದ ಕೂಡಲೇ ಜನ ಅಪ್ಪು ನೆನೆಸಿಕೊಂಡು ಕಣ್ಣೊರೆಸಿಕೊಂಡರು. 2021ರ ಆಮೇಲೆ ಆ ಹಾಡು ಕೇಳಿದರೆ ಪುನೀತ್ ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ. ಚಾಪ್ಲಿನ್ ಪಾಪ, ಪರದೆ ಮೇಲೆ ಅವನ ಪಾಡಿಗೆ ಅವನು ಓಡುತ್ತಿದ್ದ.

ಅದಕ್ಕೇ ಎರಡೇ ದಾರಿ. ಒಂದು, ಮುಖ ಇಲ್ಲದ ಹಾಡು ಹುಡುಕಿ: ರಘು ದೀಕ್ಷಿತ್ ತರಹದವರ ಬ್ಯಾಂಡ್ ಹಾಡು, ಕನ್ನಡ ರ‍್ಯಾಪ್. ಎರಡನೆಯದು, ಹೀರೋ ಮುಖವನ್ನೇ ಬೇಕಂತ ಡಿಕ್ಕಿ ಹೊಡೆಸುವುದು. ಕೀಟನ್‌ನ 'ಸೆವೆನ್ ಚಾನ್ಸಸ್' (1925) ಚಿತ್ರದಲ್ಲಿ ಮದುವೆ ಬಟ್ಟೆ ಹಾಕಿದ ನೂರಾರು ಹೆಂಗಸರು ಅವನನ್ನು ಅಟ್ಟಿಸಿಕೊಂಡು ಬರುತ್ತಾರೆ. ಆಮೇಲೆ ಗುಡ್ಡದಿಂದ ಬಂಡೆಗಳು ಉರುಳುತ್ತವೆ. ಅದಕ್ಕೆ 'ಟಗರು ಬಂತು ಟಗರು' ಹಾಕಿದೆವು. ಹಾಡಲ್ಲಿ ಶಿವಣ್ಣ ನುಗ್ಗುತ್ತಿದ್ದಾರೆ, ಪರದೆ ಮೇಲಿನವನು ಎದ್ದು ಬಿದ್ದು ಓಡುತ್ತಿದ್ದಾನೆ. ಹಿಂದಿನ ಸಾಲಿನಿಂದ ಶಿಳ್ಳೆ ನಿಲ್ಲಲೇ ಇಲ್ಲ. ಅಂದ ಹಾಗೆ, ಆ ಬಂಡೆಗಳು ಮೊದಲು ಕತೆಯಲ್ಲೇ ಇರಲಿಲ್ಲ. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಕೀಟನ್ ಕಾಲಿಗೆ ತಾಗಿ ನಾಕಾರು ಸಣ್ಣ ಕಲ್ಲು ಉರುಳಿದ್ದಕ್ಕೆ ಜನ ಜೋರಾಗಿ ನಕ್ಕರು. ಆಮೇಲೆ ಅವನು ಕಾಗದದ ಮುದ್ದೆಯ ದೊಡ್ಡ ದೊಡ್ಡ ಬಂಡೆ ಮಾಡಿಸಿ ಆ ಭಾಗ ಸೇರಿಸಿದ.

ಅರಸೀಕೆರೆಯಿಂದ

ಮಾತು ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜನ ಹಾಡಿನ ಸಾಹಿತ್ಯ ಕೇಳುವವರು. 'ಮಾಡರ್ನ್ ಟೈಮ್ಸ್' (1936) ಚಿತ್ರದಲ್ಲಿ ಚಾಪ್ಲಿನ್ ಯಂತ್ರದ ಚಕ್ರಗಳ ಒಳಗೇ ಸಿಕ್ಕಿಕೊಂಡು ಸುತ್ತುವ ಜಾಗಕ್ಕೆ ಶಿಶುನಾಳ ಷರೀಫರ 'ಲೋಕದ ಕಾಳಜಿ ಮಾಡತೀನಂತಿ' ಹಾಕಿದ್ದೆವು, ರಘು ದೀಕ್ಷಿತ್ ಹಾಡಿದ್ದು. ಎರಡನೇ ಸಲ ಪಲ್ಲವಿ ಬಂದಾಗ ಅರ್ಧ ಸಭೆ ಜೊತೆಗೆ ಹಾಡುತ್ತಿತ್ತು. ಅಲ್ಲಿ ತಾಳ ನೋಡಿಕೊಂಡು ಕೂತಿದ್ದರೆ ಈ ಹಾಡು ನಮಗೆ ಹೊಳೆಯುತ್ತಲೇ ಇರಲಿಲ್ಲ.

ಹಾಸನದಿಂದ (ಮೊದಲು ಬರೆದವರು)

ಷರೀಫರ ಹಾಡು ಬೇರೆ ವಿಷಯ. ಅದು ಸುಮ್ನೆ ದೃಶ್ಯವನ್ನೇ ಇನ್ನೊಮ್ಮೆ ಹೇಳುತ್ತಿಲ್ಲ, ದೃಶ್ಯಕ್ಕೆ ಪಕ್ಕದಿಂದ ಟೀಕೆ ಮಾಡುತ್ತಿದೆ. ಅಂಥದ್ದು ಸಿಕ್ಕರೆ ಖಂಡಿತ ಹಾಕಿ. ಆದರೆ ಹತ್ತು ಜೋಡಿಯಲ್ಲಿ ಒಂದು ಸಿಕ್ಕರೆ ಪುಣ್ಯ.

ಬೇಲೂರಿನಿಂದ, ವಿಡಿಯೊ ಎಡಿಟಿಂಗ್ ಮಾಡುವವರು

ತಾಂತ್ರಿಕ ವಿಷಯ ಸ್ವಲ್ಪ ಹೇಳುತ್ತೇನೆ. ಆ ಕಾಲದ ಕ್ಯಾಮೆರಾ ಕೈಯಲ್ಲಿ ತಿರುಗಿಸುವಂಥದ್ದು. ಎಷ್ಟೋ ಚಿತ್ರಗಳನ್ನು ಸೆಕೆಂಡಿಗೆ 16ರಿಂದ 20 ಫ್ರೇಮಿನ ಆಸುಪಾಸಿನಲ್ಲಿ ತೆಗೆದಿದ್ದಾರೆ. ಅದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಪುಟಪುಟ ಓಡಾಡಿದಂತೆ ಕಾಣುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪ್ರತಿಗಳು ಹೀಗೇ ಇವೆ. ಹಾಡಿಗೆ ಹೊಂದಬೇಕೆಂದರೆ ಹಾಡಿನ ವೇಗ ಮುಟ್ಟಬೇಡಿ, ಚಿತ್ರದ ವೇಗ ಇಳಿಸಿ. ಹಾಡನ್ನು ಸ್ವಲ್ಪ ಎಳೆದರೂ ಕೇಳಿ ಕೇಳಿ ಅಭ್ಯಾಸ ಆದ ಕಿವಿಗೆ ಗೊತ್ತಾಗುತ್ತದೆ. ಚಿತ್ರವನ್ನು ಶೇ. 80ಕ್ಕೆ ಇಳಿಸಿದರೂ ಕೆಲವು ಸಲ ಇನ್ನೂ ಸಹಜವಾಗೇ ಕಾಣುತ್ತದೆ. ಆದರೆ ಓಟದ ದೃಶ್ಯಗಳನ್ನು ತೀರಾ ಇಳಿಸಬೇಡಿ. ಹಾಸ್ಯ ನಟರು ಬೇಕಂತಲೇ ನಿಧಾನ ತಿರುಗಿಸಿ ಆ ವೇಗ ತಂದುಕೊಂಡಿರುತ್ತಾರೆ.

24 ಫ್ರೇಮಿನ ವಿಡಿಯೊಗೆ ನಿಮಿಷಕ್ಕೆ 120 ಬಡಿತದ ಹಾಡು ಹಾಕಿದರೆ ಬಡಿತಕ್ಕೆ ಸರಿಯಾಗಿ 12 ಫ್ರೇಮು. 90 ಬಡಿತದ್ದಾದರೆ 16. ಈ ಎರಡು ವೇಗದ ಹಾಡುಗಳಿಗೆ ಕತ್ತರಿಸುವುದು ಸಲೀಸು. ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ತಂತ್ರಾಂಶ ಸಾಕು, ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ.

ಇನ್ನೊಂದು, ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡವೇ ಬೇಡ. ಅದರಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಸಾಮಾನ್ಯ ಸಿನಿಮಾದಲ್ಲಿ ಗಮನಕ್ಕೆ ಬರದೇ ಇರಬಹುದು. ಆದರೆ ಬನ್ನಿನ ಒದೆತಕ್ಕೆ ಫ್ರೇಮ್ ಲೆಕ್ಕ ಹಾಕಿ ಕೂರಿಸಿದ್ದೆಲ್ಲ ಅಲ್ಲಿ ಹಾಳು. ವಯರ್ ಹಾಕಿ.

ಸಕಲೇಶಪುರದಿಂದ

ಮಧ್ಯೆ ಮಧ್ಯೆ ಬರುವ ಬರಹದ ಫಲಕಗಳನ್ನು ಮರೆಯಬೇಡಿ. ಹಾಡಿನ ಮಾತು ಕಿವಿಗೆ, ಫಲಕದ ಮಾತು ಕಣ್ಣಿಗೆ. ಎರಡೂ ಒಟ್ಟಿಗೆ ಬಂದರೆ ಜನ ಎರಡನ್ನೂ ಬಿಡುತ್ತಾರೆ. ಫಲಕ ಬರುವ ಜಾಗದಲ್ಲಿ ಹಾಡಿನ ವಾದ್ಯದ ಭಾಗ ಬರುವಂತೆ ಜೋಡಿಸಿ, ಇಲ್ಲವೇ ಫಲಕ ತೆಗೆದುಬಿಡಿ. ಅಜ್ಜ ಅಜ್ಜಿಯರು ಬರುತ್ತಾರೆ ಅಂದಿರಿ, ಇಂಗ್ಲಿಷ್ ಫಲಕಕ್ಕೆ ಯಾರಾದರೂ ಮೈಕಿನಲ್ಲಿ ಕನ್ನಡದಲ್ಲಿ ಹೇಳಿದರೆ ಇನ್ನೂ ಚೆನ್ನ. ಮೂಕಿ ಕಾಲದ ನಮ್ಮ ಚಿತ್ರಮಂದಿರಗಳಲ್ಲಿ ಹಾಗೇ ಹೇಳುವವರು ಇರುತ್ತಿದ್ದರು, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಪಾಶ್ಚಾತ್ಯ ದೇಶಗಳಲ್ಲೂ ಪಿಯಾನೊದವರು ಆವತ್ತಿನ ಜನಪ್ರಿಯ ಹಾಡುಗಳನ್ನೇ ನುಡಿಸುತ್ತಿದ್ದರು. ಹಾಗಾಗಿ 'ಕ್ಲಾಸಿಕ್‌ಗೆ ಅವಮಾನ' ಅಂತ ಯಾರಾದರೂ ಗೊಣಗಿದರೆ ತಲೆ ಕೆಡಿಸಿಕೊಳ್ಳಬೇಡಿ. ಸಂಗೀತಗಾರ ಜಾರ್ಜಿಯೊ ಮೊರೊಡರ್ 1984ರಲ್ಲೇ 'ಮೆಟ್ರೊಪೊಲಿಸ್' (1927) ಚಿತ್ರಕ್ಕೆ ಫ್ರೆಡ್ಡಿ ಮರ್ಕ್ಯುರಿ, ಬಾನಿ ಟೈಲರ್ ಹಾಡುಗಳನ್ನು ಹಾಕಿ ಬಿಡುಗಡೆ ಮಾಡಿದ. ಆಗಲೂ ಪಂಡಿತರು ಮೂಗು ಮುರಿದರು. ನನಗೂ ಅದು ಪೂರ್ತಿ ಹಿಡಿಸಿಲ್ಲ ಅನ್ನಿ. ಆದರೆ ಮೂಕಿಗೆ ಪಾಪ್ ಹಾಕಿದ್ದರ ದೊಡ್ಡ ಉದಾಹರಣೆ ನೋಡಬೇಕು ಅಂದರೆ ಅದೇ.

ಕರೆಂಟ್ ಹೋದರೆ ಏನು ಮಾಡುತ್ತೀರಿ ಅನ್ನುವುದನ್ನೂ ಯೋಚಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಡುವುದಾದರೆ ಶೀಟ್ ಚಾವಣಿಯ ಹಾಲ್ ಬೇಡ. ಜೋರು ಮಳೆ ಬಂದರೆ ಯಾವ ಹಾಡೂ ಕೇಳಿಸುವುದಿಲ್ಲ.

ಕೇಳಿದವರು

ತುಂಬಾ ಉಪಕಾರ ಆಯಿತು. ಇನ್ನೆರಡು ಸಂಶಯ. ನಮ್ಮ ದೇಶದ ಮೂಕಿ ತಾರೆಯರು ಯಾರೂ ಬೇಡವಾ? ಹಕ್ಕುಗಳ ತೊಂದರೆ ಬರುತ್ತದಾ?

ಹಾಸನದಿಂದ, ನಿವೃತ್ತ ಅಧ್ಯಾಪಕರು

ಬೇಕೇ ಬೇಕು. ಫಾಲ್ಕೆಯವರ 'ಕಾಳಿಯ ಮರ್ದನ' (1919) ಹಾಕಿ. ಅದರಲ್ಲಿ ಕೃಷ್ಣ ಆಗಿರುವುದು ಅವರ ಪುಟ್ಟ ಮಗಳು ಮಂದಾಕಿನಿ. ಕತೆ ಶುರುವಾಗುವ ಮೊದಲು ಆ ಮಗುವಿನ ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ. ಒಂದಾದ ಮೇಲೆ ಒಂದು ಭಾವ ಬದಲಾಗುತ್ತ ಹೋಗುತ್ತದೆ. ನಿಮ್ಮ ರೀಲ್ಸ್ ಹುಡುಗಿಯರು ಈಗ ಫೋನಿನ ಮುಂದೆ ಮಾಡುವುದೂ ಅದನ್ನೇ, ಅಲ್ವಾ? ಆ ಒಂದು ತುಣುಕಿಗೆ ಯಾವ ಕುಣಿತದ ಹಾಡು ಬೇಕಾದರೂ ಹೊಂದುತ್ತದೆ. ಒಂದೊಂದು ಬಡಿತಕ್ಕೆ ಒಂದೊಂದು ಭಾವ ಬರುವಂತೆ ಕೂರಿಸಿ. ಆದರೆ ಮುಂದೆ ಹಾವಿನ ಹೆಡೆ ಮೇಲೆ ಕೃಷ್ಣ ಕುಣಿಯುವ ಜಾಗಕ್ಕೆ ಪೆಗ್ಗು, ಬಾಟಲಿ ಹಾಡು ಹಾಕಬೇಡಿ. ಹಿರಿಯರು ಎದ್ದು ಹೋಗುತ್ತಾರೆ, ಜಗಳ ಬೇರೆ. ಚಂಡೆ ಸಾಕು, ಚೆನ್ನಾಗಿರುತ್ತದೆ.

ಮೂಕಿ ನಟಿ ಸೀತಾದೇವಿಯನ್ನೂ ಬಿಡಬೇಡಿ. ಹಿಮಾಂಶು ರಾಯ್, ಫ್ರಾಂಜ್ ಓಸ್ಟೆನ್ ಜೋಡಿಯ 'ಎ ಥ್ರೋ ಆಫ್ ಡೈಸ್' (1929), 'ಶಿರಾಜ್' (1928) ಎರಡರಲ್ಲೂ ಇದ್ದಾರೆ. 'ಶಿರಾಜ್'ನಲ್ಲಿ ಏಣಾಕ್ಷಿ ರಾಮರಾವ್ ಕೂಡ ಇದ್ದಾರೆ. ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದ ಮೂಕಿ 'ವಸಂತಸೇನೆ'ಯ ನಾಯಕಿ ಅವರೇ. ಇದನ್ನು ಮೈಕಿನಲ್ಲಿ ಹೇಳಿ, ಹಿರಿಯರು ಕೂತಲ್ಲೇ ನೆಟ್ಟಗಾಗುತ್ತಾರೆ. ಸೀತಾದೇವಿಯ ಆ ಎರಡು ಚಿತ್ರಗಳಿಗೂ ಹೊಸ ಸಂಗೀತ ಆಗಲೇ ಆಗಿದೆ, 'ಎ ಥ್ರೋ ಆಫ್ ಡೈಸ್'ಗೆ ನಿತಿನ್ ಸಾಹ್ನಿ, 'ಶಿರಾಜ್'ಗೆ ಅನೌಷ್ಕಾ ಶಂಕರ್. ಅದನ್ನು ಒಮ್ಮೆ ಕೇಳಿದ ಮೇಲೆ ನಿಮ್ಮ ಹಾಡು ಹುಡುಕಿ.

'ಜೋನ್ ಆಫ್ ಆರ್ಕ್' (1928) ಚಿತ್ರದಲ್ಲಿ ನಟಿ ಫಾಲ್ಕೊನೆಟ್ಟಿಯ ಮುಖಕ್ಕೆ ಮಾತ್ರ ಯಾವ ಪಾಪ್ ಹಾಡೂ ಬೇಡ ಅಂತ ನನ್ನ ಅಭಿಪ್ರಾಯ. ಬೈದರೆ ಬೈಯಿರಿ.

ಚಿಕ್ಕಮಗಳೂರಿನಿಂದ, ಕಾನೂನು ಓದಿದವರು

ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ ಹಳೆಯ ಚಿತ್ರದ ಬಗ್ಗೆ ಜಾಸ್ತಿ ಚಿಂತೆ ಬೇಡ. ಹೊಸದಾಗಿ ಶುದ್ಧಗೊಳಿಸಿದ ಪ್ರತಿಯ ಜೊತೆ ಬರುವ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ, ಅದನ್ನು ನೋಡಿಕೊಳ್ಳಿ. ತೊಂದರೆ ಇರುವುದು ಹಾಡಿನದ್ದು. ಸಾರ್ವಜನಿಕವಾಗಿ ಹಾಡು ಹಾಕುವುದಕ್ಕೆ, ಹಾಡಿನ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್, ಪಿಪಿಎಲ್ ಸಂಸ್ಥೆಗಳು ಪರವಾನಗಿ ಕೇಳಬಹುದು. ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಮಾಫಿ ಅಂತ ತಿಳಿಯಬೇಡಿ, ಮೊದಲೇ ವಿಚಾರಿಸಿ. ಕಾಲೇಜಿನ ಒಳಗೆ, ಅಲ್ಲಿನ ವಿದ್ಯಾರ್ಥಿ, ಸಿಬ್ಬಂದಿ, ಪೋಷಕರಿಗೆ ಮಾತ್ರ ಅಂತ ಮಾಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಯೂಟ್ಯೂಬಿಗೆ ಹಾಕಿದರೆ ಹಾಡಿನ ಕಂಪನಿಯವರ ಕ್ಲೇಮ್ ಬರುವುದು ಹೆಚ್ಚೂ ಕಡಿಮೆ ಗ್ಯಾರಂಟಿ.

ಕೇಳಿದವರು

ಹಾಗಾದರೆ ಕಾಲೇಜಿನವರ ಹತ್ತಿರವೇ ಮಾತಾಡುತ್ತೇವೆ, ಅಜ್ಜ ಅಜ್ಜಿಯರನ್ನು ಪೋಷಕರ ಲೆಕ್ಕದಲ್ಲಿ ಕರೆತರಬಹುದಾ ಅಂತಲೂ ಕೇಳಬೇಕು. ಬನ್ನಿನ ಕುಣಿತ, ಗಾಳಿಯ ಕೀಟನ್, ಟಗರು, ಷರೀಫರ ಹಾಡು, ಮಂದಾಕಿನಿ, ಇಷ್ಟು ಖಾಯಂ. ಹೆರಾಲ್ಡ್ ಲಾಯ್ಡ್ ಗಡಿಯಾರಕ್ಕೆ ಜೋತುಬೀಳುವ 'ಸೇಫ್ಟಿ ಲಾಸ್ಟ್' (1923) ದೃಶ್ಯವೂ ಬೇಕು ಅಂತ ಹುಡುಗರ ಹಟ. 1919ರ ಅಪಘಾತದಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು, ಆ ಕೈಯಲ್ಲೇ ಗಡಿಯಾರಕ್ಕೆ ಜೋತುಬಿದ್ದಿದ್ದಾನೆ ಅಂತ ಓದಿದ ಮೇಲೆ ನನಗೂ ಬಿಡಲು ಮನಸ್ಸಿಲ್ಲ. ಆದರೆ ಹತ್ತುವುದೇ ತುಂಬಾ ಹೊತ್ತು, ಒಂದು ಹಾಡಿಗೆ ಮುಗಿಯುವುದಿಲ್ಲ. ಅದಕ್ಕೆ ಏನು ಹಾಕಬಹುದು, ಹೇಳಿ. ಮುಖ ಇಲ್ಲದ ಹಾಡೇ ಆಗಬೇಕು.