ರೆಕ್ಕೆಯಿರುವ ಜನರನ್ನು ‘ರೆಕ್ಕಿಗರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲೇ ಆಡುವಂಥ ಒಂದು ಫ್ಯಾಂಟಸಿ ಟೇಬಲ್‌ಟಾಪ್ ರೋಲ್‌ಪ್ಲೇ ಆಟದ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುವ ಆಟ) ನಿಯಮಪುಸ್ತಕ ಬರೆಯುತ್ತಿದ್ದೇನೆ. ಅದರಲ್ಲಿ ಹಕ್ಕಿಯಂಥ ಜನ ಬರುತ್ತಾರೆ. ಮನುಷ್ಯರಷ್ಟೇ ಎತ್ತರ, ಮಾತು ಬಲ್ಲವರು. ಮುಖದಲ್ಲಿ ಕೊಕ್ಕು, ಮೈತುಂಬ ಗರಿ, ಕೈಗಳ ಜೊತೆಗೆ ಬೆನ್ನಿಗೆ ಎರಡು ರೆಕ್ಕೆ. ಇವರಿಗೊಂದು ಹೆಸರು ಬೇಕು. ಇವರ ಮೈಗೆ, ಹಾರಾಟಕ್ಕೆ, ಬದುಕಿಗೆ ಸಂಬಂಧಿಸಿದ ಕೆಲವು ಪದಗಳೂ ಬೇಕು.

ಕತೆಯಲ್ಲಾದರೆ ಒಂದು ಪದಕ್ಕೆ ಎರಡು ಅರ್ಥ ಇದ್ದರೂ ನಡೆಯುತ್ತದೆ. ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ನಿಯಮಪುಸ್ತಕದಲ್ಲಿ ಹಾಗಾಗುವುದಿಲ್ಲ. ದಾಳ ಉರುಳಿಸುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಿಡಿದು ಕೂತರೆ ಆಟವೇ ನಿಂತುಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಎಲ್ಲರ ಬಾಯಿಗೂ ತಟ್ಟನೆ ಬರುವುದು ‘ಪಕ್ಷಿಮಾನವ’. ಸಲೀಂ ಅಲಿಯವರನ್ನು ಭಾರತದ ಪಕ್ಷಿಮಾನವ ಎಂದು ಕರೆಯುವುದುಂಟು. ಅಂದರೆ ಆ ಪದ ಹಕ್ಕಿಗಳನ್ನು ಬಲ್ಲ ಮನುಷ್ಯ ಅನ್ನುವ ಅರ್ಥಕ್ಕೆ ಆಗಲೇ ವಾಲಿದೆ. ‘ಗರುಡರು’ ಅಂದರೆ ಒಬ್ಬ ದೇವತೆಯ ಹೆಸರನ್ನು ಇಡೀ ಜನಕ್ಕೆ ಕಟ್ಟಿದಂತಾಗುತ್ತದೆ. ಆಮೇಲೆ ಗೂಬೆಯ ಮುಖದವರನ್ನೂ ಕೊಕ್ಕರೆಯ ಮುಖದವರನ್ನೂ ಗರುಡರು ಅನ್ನುವುದು ಹೇಗೆ? ‘ಕಿನ್ನರರು’ ಅನ್ನೋಣ ಅಂದರೆ ಅದೂ ಸರಿ ಕೂರುವುದಿಲ್ಲ. ಆಗ್ನೇಯ ಏಷ್ಯಾದ ಶಿಲ್ಪಗಳಲ್ಲಿ ಕಿನ್ನರಿಗೆ ಸೊಂಟದಿಂದ ಕೆಳಗೆ ಹಕ್ಕಿಯ ಮೈ ಇರುತ್ತದೆ, ನಿಜ. ಸಂಸ್ಕೃತದ ಕತೆಗಳಲ್ಲಿ ಕಿನ್ನರರಿಗೆ ಕುದುರೆಯ ಮುಖವೂ ಇದೆ. ಕನ್ನಡದಲ್ಲಂತೂ ಕಿನ್ನರಿ ಅಂದರೆ ತಂತಿವಾದ್ಯ. ರೆಕ್ಕೆಯ ನೆನಪು ಯಾರಿಗೂ ಬರುವುದಿಲ್ಲ.

‘ಹಾರುವವರು’ ಅಂತ ಸರಳವಾಗಿ ಕರೆಯಬಹುದಲ್ವಾ ಅಂತ ಕೇಳಬಹುದು. ಬೇಡ. ಒಂದು ‘ವ’ ಜಾರಿದರೆ ಅದು ‘ಹಾರುವರು’ ಆಗುತ್ತದೆ. ಹಾರುವರು ಅಂದರೆ ಕನ್ನಡದಲ್ಲಿ ಬ್ರಾಹ್ಮಣರು. ‘ಹಕ್ಕಿ’ಯಿಂದ ಶುರುವಾಗುವ ಕುಲದ ಹೆಸರಿಗೂ ನಾನು ಹಿಂಜರಿಯುತ್ತೇನೆ. ಹಕ್ಕಿಪಿಕ್ಕಿ ಎಂಬ ಸಮುದಾಯ ನಮ್ಮ ನಡುವೆಯೇ ಬದುಕುತ್ತಿದೆ. ಕಲ್ಪನೆಯ ಜನಕ್ಕೆ ಅದನ್ನು ನೆನಪಿಸುವ ಹೆಸರಿಟ್ಟು, ಅವರನ್ನು ಕೊಕ್ಕಿರುವ ಜೀವಿಗಳಾಗಿ ಚಿತ್ರಿಸುವುದು ಖಂಡಿತ ಸರಿಯಲ್ಲ.

‘ಪುಕ್ಕ’ದಿಂದ ಹೆಸರು ಕಟ್ಟಲು ಹೋದರೆ ಪಕ್ಕದಲ್ಲೇ ‘ಪುಕ್ಕಲ’ ಕಾದಿದ್ದಾನೆ. ಧೈರ್ಯಕ್ಕೆ ಹೆಸರಾದ ಜನರಿಗೆ ಅದು ಬೇಡ. ‘ಗರಿ’ ಅಂದರೆ ತೆಂಗಿನ ಗರಿಯೂ ಹೌದು, ಹಾಗಾಗಿ ‘ಗರಿಯವರು’ ಅನ್ನುವುದೂ ತುಸು ಮಬ್ಬು.

ಉಳಿದದ್ದು ರೆಕ್ಕೆ. ರೆಕ್ಕೆಗೆ ‘ಇಗ’ ಸೇರಿಸಿದರೆ ‘ರೆಕ್ಕಿಗ’. ಲೆಕ್ಕಕ್ಕೆ ಲೆಕ್ಕಿಗ, ಗಾಣಕ್ಕೆ ಗಾಣಿಗ, ಕನ್ನಡಕ್ಕೆ ಕನ್ನಡಿಗ ಇರುವ ಹಾಗೆ. ನನಗೆ ಈ ಪದ ಇಷ್ಟವಾಗಲು ಇನ್ನೊಂದು ಕಾರಣ ಇದೆ. ನಮ್ಮ ಹಕ್ಕಿಗಳ ಹೆಸರುಗಳನ್ನೇ ಒಮ್ಮೆ ಬಾಯಲ್ಲಿ ಆಡಿಸಿ ನೋಡಿ: ಗಿಡುಗ, ಗೀಜಗ, ಕೌಜುಗ, ಮರಕುಟಿಗ. ಎಲ್ಲದರ ಕೊನೆಯಲ್ಲೂ ‘ಗ’. ಇವೆಲ್ಲ ಒಂದೇ ರೀತಿ ಹುಟ್ಟಿದ ಪದಗಳು ಅಂತ ನಾನು ಹೇಳುತ್ತಿಲ್ಲ. ಆದರೆ ಮರಕುಟಿಗದಲ್ಲಿ ಕುಟ್ಟುವವನು ಸ್ಪಷ್ಟವಾಗಿ ಕಾಣುತ್ತಾನೆ. ಅದು ಹಕ್ಕಿಯ ಹೆಸರೂ ಹೌದು, ಕೇಳಲು ಕಸುಬುದಾರನ ಹೆಸರಿನಂತೆಯೂ ಇದೆ. ‘ರೆಕ್ಕಿಗ’ ಕೂಡ ಹಾಗೆಯೇ ಎರಡೂ ಕಡೆ ಸಲ್ಲುತ್ತದೆ. ಅರ್ಧ ಹಕ್ಕಿ, ಅರ್ಧ ಮನುಷ್ಯರಾದ ಜನಕ್ಕೆ ಇದಕ್ಕಿಂತ ಒಗ್ಗುವ ಪದ ನನಗಂತೂ ಕಾಣುತ್ತಿಲ್ಲ.

ಹೆಣ್ಣಿಗೆ ಏನನ್ನೋಣ? ಗಾಣಿಗಿತ್ತಿಯ ದಾರಿಯಲ್ಲಿ ಹೋದರೆ ರೆಕ್ಕಿಗಿತ್ತಿ, ಕನ್ನಡತಿಯ ದಾರಿಯಲ್ಲಿ ಹೋದರೆ ರೆಕ್ಕತಿ. ನನ್ನ ಒಲವು ರೆಕ್ಕತಿಯ ಕಡೆಗೆ. ಚಿಕ್ಕದು, ಚುರುಕಾಗಿದೆ.

ಇನ್ನು ಇವರನ್ನು ‘ಜಾತಿ’ ಅನ್ನುವುದೋ ‘ಕುಲ’ ಅನ್ನುವುದೋ ‘ಜನಾಂಗ’ ಅನ್ನುವುದೋ? ಈ ಚಿಂತೆ ನಮ್ಮೊಬ್ಬರದೇ ಅಲ್ಲ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥದೇ ಇಂಗ್ಲಿಷ್ ಆಟ ದಶಕಗಳ ಕಾಲ ‘ರೇಸ್’ (ಜನಾಂಗ) ಎಂದೇ ಬಳಸಿ, 2024ರ ನಿಯಮಪುಸ್ತಕದಲ್ಲಿ ‘ಸ್ಪೀಷೀಸ್’ (ಜೀವಿಪ್ರಭೇದ) ಎಂದು ಬದಲಿಸಿತು. ಜಾತಿ, ಕುಲ ಎರಡೂ ನಮ್ಮಲ್ಲಿ ನೋವು ಹೊತ್ತ ಪದಗಳು. ಆಟಗಾರರು ತಮ್ಮ ಪಾತ್ರದ ವಿವರ ಬರೆದುಕೊಳ್ಳುವ ಹಾಳೆಯಲ್ಲಿ ‘ಜಾತಿ: ...’ ಎಂದು ತುಂಬಿಸಿ ಅಂತ ಕೇಳಲು ನನಗೆ ಮನಸ್ಸಿಲ್ಲ. ‘ಮೂಲ: ರೆಕ್ಕಿಗ’ ಎಂದು ಹಾಕಿದರೆ ಸಾಕಲ್ವಾ?

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಹಕ್ಕಿ ಹಾರಿತು ಅನ್ನುತ್ತೇವೆ, ಹುಡುಗ ಹಾರಿದ ಅನ್ನುತ್ತೇವೆ. ಕನ್ನಡದ ಕ್ರಿಯಾಪದ ಸುಮ್ನೆ ಬಿಡುವುದಿಲ್ಲ. ಎದುರಿಗಿರುವುದು ವ್ಯಕ್ತಿಯೋ ಪ್ರಾಣಿಯೋ ಅಂತ ಪ್ರತಿ ವಾಕ್ಯದ ಕೊನೆಯಲ್ಲೂ ಹೇಳಿಸಿಯೇ ಬಿಡುತ್ತದೆ. ರೆಕ್ಕಿಗ ಹಾರಿದನು, ರೆಕ್ಕತಿ ಹಾರಿದಳು, ರೆಕ್ಕಿಗರು ಹಾರಿದರು. ಇದರಲ್ಲಿ ರಾಜಿ ಇಲ್ಲ ಅನ್ನುವುದು ನನ್ನ ನಿಲುವು. ಅವರನ್ನು ಬೇಟೆಯಾಡುವ ಶತ್ರುಗಳ ಬಾಯಲ್ಲಿ ಮಾತ್ರ ‘ಅದು ಹಾರಿತು’ ಅಂತ ಬರಲಿ. ಒಂದೇ ಪ್ರತ್ಯಯದಲ್ಲಿ ಆ ತಿರಸ್ಕಾರ ಆಟಗಾರರಿಗೆ ತಟ್ಟುತ್ತದೆ. ಮಕ್ಕಳ ವಿಷಯದಲ್ಲಿ ತೊಂದರೆಯೇ ಇಲ್ಲ. ಮನುಷ್ಯರ ಮಗುವೂ ‘ಅತ್ತಿತು’ ತಾನೆ, ರೆಕ್ಕಿಗರ ಮರಿಯೂ ಅಳಲಿ.

ಆದರೆ ಮೊಟ್ಟೆಯ ಬಗ್ಗೆ ನಿಮ್ಮ ಸಲಹೆ ಬೇಕೇ ಬೇಕು. ‘ಕೋಳಿ ಮೊಟ್ಟೆ ಇಟ್ಟಿತು’ ಅಂದರೆ ಅರ್ಥ ಸ್ಪಷ್ಟ. ‘ರೆಕ್ಕತಿ ಮೊಟ್ಟೆ ಇಟ್ಟಳು’ ಅಂದಾಗ ಯಾವುದೋ ಮೊಟ್ಟೆಯನ್ನು ತಂದು ಮೇಜಿನ ಮೇಲೆ ಇಟ್ಟಳು ಅನ್ನಿಸುತ್ತದೆ. ‘ಈಯು’ ದನಕರುಗಳಿಗೆ ಆಯಿತು. ‘ಮೊಟ್ಟೆ ಹೆತ್ತಳು’ ಅನ್ನಬಹುದೇ? ಹೆರುವುದರಲ್ಲಿ ತಾಯಿಯ ಗೌರವ ಇದೆ, ಹಾಗಾಗಿ ನನಗೆ ಅದು ಒಪ್ಪಿಗೆ. ‘ಕಾವಿಗೆ ಕೂತಳು’, ‘ಗುಟುಕು ಕೊಟ್ಟನು’ ಎರಡೂ ಹಾಗೇ ಬಳಸಬಹುದು, ಕಿವಿಗೆ ಏನೂ ಚುಚ್ಚುವುದಿಲ್ಲ. ವಯಸ್ಸಿಗೆ ಬಂದವರಿಗೆ ‘ರೆಕ್ಕೆ ಬಲಿತವರು’ ಅನ್ನುವ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ. ಇವರಿಗೆ ಅದು ನಿಜವಾದ ಅರ್ಥದಲ್ಲೇ ಹೊಂದುತ್ತದೆ.

ಹಾರಾಟದ ಪದಗಳಲ್ಲಿ ದೊಡ್ಡ ತಲೆನೋವು ‘ಹಾರು’ ಎಂಬ ಪದದ್ದೇ. ಗೋಡೆ ಹಾರಿದ ಅಂದರೆ ಜಿಗಿದ. ಬಾವಿಗೆ ಹಾರಿದ ಅಂದರೆ ಧುಮುಕಿದ. ಹಕ್ಕಿ ಹಾರಿತು ಅಂದರೆ ರೆಕ್ಕೆ ಬಡಿದು ಮೇಲೇರಿತು. ಆಟದಲ್ಲಿ ಜಿಗಿತವೇ ಬೇರೆ, ಹಾರಾಟವೇ ಬೇರೆ. ಒಂದಕ್ಕೆ ಕಾಲಿನ ಬಲದ ಲೆಕ್ಕ, ಇನ್ನೊಂದಕ್ಕೆ ಹಾರುವ ವೇಗದ ಲೆಕ್ಕ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಹಕ್ಕಿಯಂಥ ಜನಕ್ಕೆ ಮೊದಲು ಕೊಟ್ಟ ಹಾರುವ ವೇಗ ಒಂದು ಸುತ್ತಿನಲ್ಲಿ 50 ಅಡಿ, ನಡೆಯುವ ವೇಗ 25 ಅಡಿ. ಒಂದು ಸುತ್ತು ಅಂದರೆ ಸುಮಾರು 6 ಸೆಕೆಂಡ್. ಇಷ್ಟು ಅಂತರ ಇರುವಾಗ ‘ಹಳ್ಳ ಹಾರಿದ’ ಎಂಬ ವಾಕ್ಯ ಜಗಳ ತಂದೇ ತರುತ್ತದೆ. ಅದಕ್ಕೆ ಪುಸ್ತಕದಲ್ಲಿ ‘ಹಾರು’ ರೆಕ್ಕೆಗೆ ಮಾತ್ರ ಮೀಸಲು, ಕಾಲಿನ ಕೆಲಸಕ್ಕೆಲ್ಲ ‘ನೆಗೆ’ ಅಂತ ಇಟ್ಟುಕೊಂಡಿದ್ದೇನೆ. ‘ಜಿಗಿ’ಯೂ ಆಗಬಹುದಿತ್ತು. ಆದರೆ ನೆಗೆಯಿಂದ ನೆಗೆತ, ಉದ್ದನೆಗೆತ, ಎತ್ತರನೆಗೆತ ಎಲ್ಲ ಸಲೀಸಾಗಿ ಹುಟ್ಟುತ್ತವೆ.

ಮೇಲಿಂದ ಬಂದು ಬೀಳುವ ದಾಳಿಗೆ ‘ಎರಗು’ ಇದೆ. ಅದಕ್ಕೆ ನಮಸ್ಕರಿಸು ಅನ್ನುವ ಅರ್ಥವೂ ಇದೆ, ಗೊತ್ತಿದೆ. ಆದರೆ ಇಲ್ಲಿ ವಿಭಕ್ತಿ ನಮ್ಮನ್ನು ಕಾಪಾಡುತ್ತದೆ. ರಾಜನಿಗೆ ಎರಗಿದ ಅಂದರೆ ಕಾಲಿಗೆ ಬಿದ್ದ, ರಾಜನ ಮೇಲೆ ಎರಗಿದ ಅಂದರೆ ದಾಳಿ ಮಾಡಿದ. ಹಾಗಾಗಿ ನಿಯಮದಲ್ಲಿ ಯಾವಾಗಲೂ ‘ಮೇಲೆ ಎರಗು’ ಎಂದೇ ಬರೆಯುತ್ತೇನೆ.

ಗರಿಗಳಿಗೆ ಒಂದು ಸಣ್ಣ ಪ್ರಸ್ತಾಪ. ಹಕ್ಕಿಯ ರೆಕ್ಕೆ ಅಂದರೆ ಮೂಳೆಯ ಲೆಕ್ಕದಲ್ಲಿ ಅದರ ಮುಂಗಾಲು. ತುದಿಯ ಉದ್ದ ಗರಿಗಳು ಹಸ್ತದ ಮೂಳೆಗೆ ಅಂಟಿರುತ್ತವೆ, ಹೆಚ್ಚಿನ ಹಕ್ಕಿಗಳಲ್ಲಿ ಅವು ಒಂದೊಂದು ರೆಕ್ಕೆಗೆ 9ರಿಂದ 11. ಮುಂದಕ್ಕೆ ನೂಕುವುದು ಮುಖ್ಯವಾಗಿ ಅವೇ. ಒಳಗಿನ ಸಾಲು ಮುಂಗೈ ಮೂಳೆಗೆ ಸೇರಿದ್ದು, ಮೇಲೆತ್ತುವ ಕೆಲಸದಲ್ಲಿ ಅದರ ಪಾಲು ಜಾಸ್ತಿ. ಇವನ್ನು ‘ಹಸ್ತಗರಿ’, ‘ಮುಂಗೈಗರಿ’ ಅಂದರೆ ಹೇಗೆ? ಹಸ್ತಗರಿಗೆ ಪೆಟ್ಟು ಬಿದ್ದರೆ ವೇಗ ಅರ್ಧವಾಗುತ್ತದೆ, ಮುಂಗೈಗರಿಗೆ ಬಿದ್ದರೆ ಎತ್ತರ ಕಳೆದುಕೊಳ್ಳುತ್ತಾರೆ ಅಂತ ನಿಯಮ ಮಾಡಿದ್ದೇನೆ. ಬಾಲದ್ದಕ್ಕೆ ‘ಪುಕ್ಕ’, ಮರಿಯ ಮೈಮೇಲಿನ ಮೆತ್ತನೆಯದಕ್ಕೆ ‘ತುಪ್ಪುಳ’ ಅಂತ ಬೇರೆ ಬೇರೆಯಾಗಿ ಬಳಸಿದರೆ ನಮ್ಮಲ್ಲಿರುವ ಪದಗಳೇ ಸಾಲುತ್ತವೆ.

ಎರಡು ಜಾಗ ಇನ್ನೂ ಖಾಲಿ ಇವೆ. ಒಂದು, ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುತ್ತದಲ್ಲ, ಆ ಕೆಲಸಕ್ಕೆ ಒಂದೇ ಪದ. ‘ತೇಲು’ ಅನ್ನಲಾರೆ, ಅದನ್ನು ರೆಕ್ಕೆ ಬಡಿಯದೆ ಗಾಳಿಯಲ್ಲಿ ಸಾಗುವುದಕ್ಕೆ ಕೊಟ್ಟಿದ್ದೇನೆ. ‘ಗಾಳಿನಿಲುವು’ ಅಂತ ಕಟ್ಟಿದ್ದೇನೆ, ಕ್ರಿಯಾಪದವಾಗಿ ಅದು ಓಡುತ್ತಿಲ್ಲ. ಎರಡು, ಹಳೆ ಗರಿ ಉದುರಿ ಹೊಸದು ಬರುವ ಕಾಲ. ಬಾತು, ಹೆಬ್ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಕಳೆದುಕೊಂಡು ಕೆಲವು ವಾರ ಹಾರಲಾರದೆ ಇರುತ್ತವೆ. ಬಾತುಮುಖದ ರೆಕ್ಕಿಗರಿಗೂ ಅಂಥ ಕಾಲ ಬರುತ್ತದೆ, ಕತೆಗೆ ಅದು ಬಹಳ ಮುಖ್ಯ. ಹಾವು ಪೊರೆ ಬಿಡುತ್ತದೆ. ‘ಗರಿ ಬಿಡು’ ಅಂದರೆ ಗರಿ ಮೂಡಿತು ಅಂತಲೂ ಕೇಳಿಸುತ್ತದೆ, ‘ಗರಿ ಬಿಚ್ಚು’ ನವಿಲಿನದಾಯಿತು. ಕೋಳಿ, ಬಾತು ಸಾಕಿದ ಮನೆಗಳಲ್ಲಿ ಇದಕ್ಕೆ ಬಾಯಿಮಾತಿನ ಪದ ಯಾವುದಾದರೂ ಕೇಳಿದ್ದರೆ, ಯಾವ ಸೀಮೆಯದು ಅನ್ನುವುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ.