ಪದಚರ್ಚೆ: ‘ಸಂಕೀರ್ಣ’ವೋ ‘ಜಟಿಲ’ವೋ? ‘ಉದ್ಭವ’ಕ್ಕೆ ಬದಲಿ ಯಾವುದು?

ಮಾನ್ಯರೆ,

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದ ಮೇಲೆ ಕಾಂಪ್ಲೆಕ್ಸಿಟಿ ಸಿದ್ಧಾಂತವು (ಬಿಡಿಭಾಗಗಳನ್ನಷ್ಟೇ ನೋಡದೆ ಅವುಗಳ ಒಡನಾಟದಿಂದ ಇಡೀ ವ್ಯವಸ್ಥೆಯನ್ನು ಅರಿಯುವ ಚಿಂತನೆ) ಬೀರಿದ ಪ್ರಭಾವವನ್ನು ಕುರಿತು ಲೇಖನ ಬರೆಯುತ್ತಿದ್ದು, ಎರಡು ಪದಗಳ ಬಳಿ ಲೇಖನಿ ನಿಂತಿದೆ.

ಮೊದಲನೆಯದು ‘ಸಂಕೀರ್ಣ’. ಕಾಂಪ್ಲೆಕ್ಸ್, ಕಾಂಪ್ಲಿಕೇಟೆಡ್ ಎರಡಕ್ಕೂ ನಾವು ಇದನ್ನೇ ಬಳಸುತ್ತೇವೆ (ಅಂಗಡಿಗಳ ಕಟ್ಟಡವೂ ನಮಗೆ ‘ವಾಣಿಜ್ಯ ಸಂಕೀರ್ಣ’ವೇ). ಆದರೆ ಈ ಸಿದ್ಧಾಂತ ನಿಂತಿರುವುದೇ ಆ ಎರಡರ ವ್ಯತ್ಯಾಸದ ಮೇಲೆ. ಗಡಿಯಾರವನ್ನು ಬಿಚ್ಚಿ, ಬಿಡಿಭಾಗಗಳನ್ನು ಒಂದೊಂದಾಗಿ ಅರಿತರೆ ಇಡೀ ಯಂತ್ರ ಅರ್ಥವಾಗುತ್ತದೆ. ರಾಷ್ಟ್ರಗಳ ವ್ಯವಸ್ಥೆ ಹಾಗಲ್ಲ. ಎರಡು ದೇಶಗಳ ನಂಟು ಹೇಗಿರಬೇಕೆಂಬುದು ಅವೆರಡರ ಕೈಯಲ್ಲಷ್ಟೇ ಇರದೆ ಮೂರನೆಯದರ ನಡೆಯಿಂದಲೂ ಬದಲಾಗುತ್ತದೆ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಜರ್ವಿಸ್ 1997ರ ‘ಸಿಸ್ಟಮ್ ಎಫೆಕ್ಟ್ಸ್’ ಗ್ರಂಥದಲ್ಲಿ ವಾದಿಸಿದರು. ಉದಾಹರಣೆಗೆ, 1890ರಲ್ಲಿ ಜರ್ಮನಿಯು ರಷ್ಯಾದೊಡನೆ ಇದ್ದ ಗುಪ್ತ ಒಪ್ಪಂದವನ್ನು ನವೀಕರಿಸದೆ ಬಿಟ್ಟಿತು. ನಾಲ್ಕೇ ವರ್ಷಗಳಲ್ಲಿ, ಜ಼ಾರ್ ದೊರೆಯ ರಷ್ಯಾ ಮತ್ತು ಗಣರಾಜ್ಯವಾದ ಫ್ರಾನ್ಸ್, ಒಂದರ ಆಡಳಿತ ಇನ್ನೊಂದಕ್ಕೆ ಸೇರದಿದ್ದರೂ, ಸೇನಾ ಮೈತ್ರಿ ಮಾಡಿಕೊಂಡವು. ಎರಡೂ ಗಡಿಗಳಲ್ಲಿ ಶತ್ರುವನ್ನು ಎದುರಿಸುವ ಸ್ಥಿತಿಯನ್ನು ಬರ್ಲಿನ್ನಿನಲ್ಲಿ ಯಾರೂ ಬಯಸಿರಲಿಲ್ಲ.

ಗಡಿಯಾರದ ಬಗೆಗೆ ‘ಜಟಿಲ’ವನ್ನೂ ರಾಷ್ಟ್ರಗಳ ಬಗೆಗೆ ‘ಸಂಕೀರ್ಣ’ವನ್ನೂ ಮೀಸಲಿಡಬಹುದೆಂದು ನನ್ನ ಎಣಿಕೆ. ಜಟೆಯ ಸಿಕ್ಕನ್ನು ತಾಳ್ಮೆಯಿದ್ದರೆ ಬಿಡಿಸಬಹುದು. ಸಂಕೀರ್ಣವೆಂದರೆ ಒಂದರೊಳಗೊಂದು ಬೆರೆತದ್ದು. ತೊಡಕೆಂದರೆ, ಪತ್ರಿಕೆಗಳ ‘ಜಟಿಲ ಸಮಸ್ಯೆ’ಯಲ್ಲಿ ಬಿಡಿಸಲಾಗದ್ದು ಎಂಬ ಧ್ವನಿಯೇ ಹೆಚ್ಚು.

ಎರಡನೆಯದು ಎಮರ್ಜೆನ್ಸ್, ಎಂದರೆ ಯಾರೂ ಯೋಜಿಸದೆ ಹಲವರ ಒಡನಾಟದಿಂದ ಹೊಸದೊಂದು ಉಂಟಾಗುವುದು. ‘ಉದ್ಭವ’ ಎಂದೊಡನೆ ಉದ್ಭವಲಿಂಗ ನೆನಪಾಗುತ್ತದೆ. ಯಾರೂ ಮಾಡಿದ್ದಲ್ಲ ಎಂಬ ಅರ್ಥ ಅದರಲ್ಲಿ ಸಿಗುತ್ತದೆ, ಆದರೆ ಹಲವರ ಒಡನಾಟದಿಂದಲೇ ಆದದ್ದು ಎಂಬ ಮುಖ್ಯಾಂಶ ಜಾರಿಹೋಗುತ್ತದೆ. ‘ಹೊಮ್ಮು’ ಎಂಬಲ್ಲಿ ಮೂಲದ ನೆನಪು ಉಳಿಯುತ್ತದೆ: ಕಂಪು ಹೊಮ್ಮುವುದು ಹೂವಿನಿಂದ. ಮೇಲಿನ ಮೈತ್ರಿಯಂಥ ಪರಿಣಾಮಗಳಿಗೆ ಅದು ಒಪ್ಪುತ್ತದೆ. ಆದರೆ ರಾಜ್ಯಶಾಸ್ತ್ರಜ್ಞ ಲಾರ್ಸ್-ಎರಿಕ್ ಸೆಡರ್‌ಮನ್ ಅವರು ರಾಷ್ಟ್ರಗಳನ್ನು ಮೊದಲೇ ಸಿದ್ಧವಿರುವ ಘಟಕಗಳೆಂದು ಭಾವಿಸದೆ, ಪರಸ್ಪರ ಸೆಣಸಾಟದಲ್ಲಿ ಅವು ಆಕಾರ ಪಡೆಯುವ ಬಗೆಯನ್ನು ಕಂಪ್ಯೂಟರ್ ಮಾದರಿಗಳಲ್ಲಿ ತೋರಿಸುತ್ತಾರೆ. ಅಲ್ಲಿ ‘ಹೊಮ್ಮಿದ ರಾಷ್ಟ್ರ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ‘ಮೂಡಿದ ರಾಷ್ಟ್ರ’ ಒಗ್ಗುತ್ತದೆ.

ಹಾಗಾದರೆ ಎರಡೂ ಕಡೆ ಸಲ್ಲುವಂತೆ ‘ಮೂಡಿಕೆ’ ಎಂಬ ನಾಮಪದವನ್ನು ಪಾರಿಭಾಷಿಕವಾಗಿ ಬಳಸಬಹುದೇ? ಸಮಾಜವಿಜ್ಞಾನದ ಬರಹಗಳಲ್ಲಿ ಈ ಅರ್ಥದ ಪ್ರಯೋಗವನ್ನು ಕಂಡವರು ಇದ್ದರೆ ದಯವಿಟ್ಟು ವಾಕ್ಯಸಮೇತ ತಿಳಿಸಬೇಕು.